ಐದನೆಯ ಮಹಡಿಯ ನೆಲ

ಆಗಸ್ಟ್ 30, ಶನಿವಾರ

ತೀರಿಹೋದ ನನ್ನ ಗಂಡ ಎಸೆನ್‌ನ ವರ್ಷದ ಊಟ ಹಾಕಿ ಅವನ ಊರು ತಲಾಸ್‌ನಿಂದ ಬಿಷ್ಕೆಕ್‌ಗೆ ಹಿಂತಿರುಗಿದೆವು, ನಾನು ಮತ್ತು ಎಸೆನ್‌ನ ತಾಯಿ. ಹೊರಡುವ ಮೊದಲು ತಾಲಾಯ್ ಭಾವ ಕಾರಿನ ಬಾಗಿಲು ಹಿಡಿದುಕೊಂಡು ಹೇಳಿದರು, "ಬೀನ್ಸ್ ಕಟಾವು ಮುಗೀಲಿ. ನಮ್ಮನೇಲಿ ಅಮ್ಮನ ಕೋಣೆಗೆ ಒಲೆ ಕೂರಿಸ್ತೀನಿ. ಅಕ್ಟೋಬರ್‌ನಲ್ಲಿ ನಾನೇ ಬಂದು ಅಮ್ಮನ್ನ ಕರ್ಕೊಂಡು ಹೋಗ್ತೀನಿ. ನಿನ್ನ ಹೆಗಲ ಭಾರ ಇಳೀತದೆ, ತಂಗಿ."

ಅದು ಸರಿಯೇ. ನಮ್ಮಲ್ಲಿ ತಾಯಿ ಇರುವುದು ಕಿರಿಯ ಮಗನ ಮನೆಯಲ್ಲಿ. ಕಿರಿಯ ಮಗನೇ ಇಲ್ಲವಾದ ಮೇಲೆ ಹಿರಿಯವನ ಮನೆಯಲ್ಲಿ. ಮಕ್ಕಳಿಲ್ಲದ ವಿಧವೆ ಸೊಸೆಯ ಬಳಿ ತಾಯಿಯನ್ನು ಬಿಟ್ಟರೆ ಭಾವ ಊರಿನಲ್ಲಿ ಹೇಗೆ ತಲೆಯೆತ್ತಿ ನಡೆದಾರು? ಇದರಲ್ಲಿ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಅನುಮಾನವಿದೆ ಎಂದಾಗುತ್ತದೆ.

ಇನ್ನು ಆರು ವಾರ. ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಇಬ್ಬರು. ನಲವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ, ಯಾರ ಹೆಜ್ಜೆ ಸಪ್ಪಳಕ್ಕೂ ಪುಸ್ತಕ ಮುಚ್ಚದೆ ಕೂರುತ್ತೇನೆ.

ಸೆಪ್ಟೆಂಬರ್ 4, ಗುರುವಾರ

ಚಿನಾರಾ ನನ್ನ ವಿಭಾಗದಲ್ಲೇ ಪಾಠ ಮಾಡುವವಳು. "ವರ್ಷ ಆಯ್ತಲ್ಲ, ಇನ್ನಾದ್ರೂ ಕೂತು ಊಟ ಮಾಡು. ನೀನು ನಿಂತುಕೊಂಡು ತಿನ್ನೋದನ್ನ ನೋಡಿ ನೋಡಿ ನನಗೇ ಕಾಲು ನೋವು ಬಂದಿದೆ" ಎಂದು ಎಳೆದುಕೊಂಡು ಹೋದಳು. ದಕ್ಷಿಣದ ತುದಿಯಲ್ಲಿ, ಬೆಟ್ಟದ ಕಡೆಗೆ ಎದ್ದಿರುವ ಹೊಸ ಹೋಟೆಲ್. ಅದರ ರೆಸ್ಟೋರೆಂಟ್‌ನ ಹೆಸರು 'ಜೆರ್'. ನೆಲ ಎಂದು ಹೆಸರಿಟ್ಟು ಐದನೆಯ ಮಹಡಿಯಲ್ಲಿ ಇಟ್ಟಿದ್ದಾರೆ. ನಗಬೇಕೆಂದೇ ಒಳಗೆ ಹೋದೆ. ನಗು ಬರಲಿಲ್ಲ.

ಗೋಡೆಗೆ ಚಾವಟಿ, ಜೀನು ತೂಗುಹಾಕಿರಲಿಲ್ಲ. ಬರಿಯ ಮಣ್ಣಿನ ಗಾರೆ, ಅದರೊಳಗೆ ಹುಲ್ಲಿನ ಎಳೆಗಳು. ಒಂದು ಇಡೀ ಗೋಡೆಯಷ್ಟು ಕಿಟಕಿ, ಅದರ ತುಂಬ ಬೆಟ್ಟ. ಊಟದ ಪಟ್ಟಿ ಅರ್ಧ ಪುಟ. ಅಕ್ಕಿ ಉಜ್ಗೆನ್‌ನದು, ಅಕ್ರೋಟ ಅರ್ಸ್ಲಾನ್‌ಬಾಬ್‌ನದು, ಬಿಳಿ ಜೇನು ಅತ್‌ಬಾಶಿಯದು ಎಂದು ಪ್ರತಿಯೊಂದರ ಮುಂದೆ ಊರಿನ ಹೆಸರು. ಕೆಲವು ಊರುಗಳ ಮುಂದೆ ಬೆಳೆದವರ ಹೆಸರೂ ಇತ್ತು.

ಮೊದಲು ಒಂದು ಪುಟ್ಟ ಬಟ್ಟಲಿನಲ್ಲಿ ಹುಳಿ ಬಂದ ಬಾರ್ಲಿ ಗಂಜಿ, ತಣ್ಣಗೆ. ಬೀದಿಯ ಪೀಪಾಯಿಯಿಂದ ಲೋಟಗಟ್ಟಲೆ ಕುಡಿದ ಅದೇ ಗಂಜಿ. ಆದರೆ ಮೂರೇ ಗುಟುಕು ಕೊಟ್ಟಿದ್ದರಿಂದ ಮೊದಲ ಸಲ ಅದರಲ್ಲಿ ಹುರಿದ ಬಾರ್ಲಿಯ ಹೊಗೆ ಇದೆಯೆಂದು ತಿಳಿಯಿತು. ಒಳ್ಳೆಯ ಪದ್ಯವೂ ಹೀಗೇ ಮಾಡುತ್ತದೆ. ದಿನವೂ ಬಾಯಲ್ಲಿ ಹೊರಳುವ ಮಾತನ್ನು ಸುತ್ತಲಿನ ಗದ್ದಲದಿಂದ ಎತ್ತಿ ಒಂದು ಸಾಲಿನಲ್ಲಿ ಒಂಟಿಯಾಗಿ ನಿಲ್ಲಿಸುತ್ತದೆ. ಆಮೇಲೆ ಕಾಡು ಈರುಳ್ಳಿಯಲ್ಲಿ ಬೆಂದ ಕುರಿಮಾಂಸ, ಅದರ ಮೇಲೆ ಕುರುತ್ ಹೆರೆದಿದ್ದರು. ಒಣಗಿ ಕಲ್ಲಾದ ಮೊಸರಿನ ಉಂಡೆ ಹಿಮದ ಹಾಗೆ ಉದುರಿತ್ತು. ತಟ್ಟೆಯಲ್ಲಿ ಒಂದೂ ಹೆಚ್ಚಿನ ಸಾಮಾನಿಲ್ಲ.

ಕೊನೆಗೆ ಬಂದದ್ದು ರೊಟ್ಟಿ ಮತ್ತು ಬೆಣ್ಣೆ. ಕುರಿಯ ಹೊಟ್ಟೆಚೀಲದಲ್ಲಿ ತುಂಬಿ ಹಣ್ಣಾಗಿಸಿದ ಹಳದಿ ಬೆಣ್ಣೆ. ಬಾಯಿಗಿಟ್ಟ ಕೂಡಲೇ ಮದುವೆಯ ಮಾರನೆಯ ಬೆಳಗು ನೆನಪಾಯಿತು. ತಲಾಸ್‌ನಲ್ಲಿ ಎಸೆನ್‌ನ ತಾಯಿ ನನ್ನ ಮುಂದೆ ಹೀಗೇ ಬೆಣ್ಣೆ ತಂದಿಟ್ಟು, ನಾನು ತಿನ್ನುವುದನ್ನು ನೋಡುತ್ತ ನಿಂತಿದ್ದರು. ಆದರೆ ಇದರ ತುದಿಯಲ್ಲಿ ಸಣ್ಣ ಕಹಿ ಇತ್ತು.

ಬಾಣಸಿಗ ಎಲ್ದಿಯಾರ್ ಮೇಜಿನಿಂದ ಮೇಜಿಗೆ ಬರುತ್ತಿದ್ದ. ಮೂವತ್ತರ ಆಸುಪಾಸು, ಮುಂಗೈ ತುಂಬ ಸುಟ್ಟ ಗಾಯದ ಗೆರೆಗಳು. ಬೆಣ್ಣೆ ಕಹಿ ಅನ್ನಿಸಿತೆ ಎಂದು ತಾನೇ ಕೇಳಿದ. "ಮೂರು ವರ್ಷದಿಂದ ಒದ್ದಾಡ್ತಿದೀನಿ, ಎಜೆ" ಎಂದ, ಅಕ್ಕ ಎನ್ನುವ ಹಾಗೆ. "ಇದು ಬರೋ ಕೈಗಳೆಲ್ಲ ಮಣ್ಣಾಗಿವೆ. ನಿಮಗೆ ಗೊತ್ತಿರೋ ಅಜ್ಜಿ ಯಾರಾದ್ರೂ ಇದ್ದಾರಾ?"

ಇಲ್ಲ ಎಂದೆ. ಯಾಕೆ ಹಾಗೆಂದೆನೋ.

ಸೆಪ್ಟೆಂಬರ್ 5

ಬೆಣ್ಣೆಯ ವಿಷಯ ಎಸೆನ್‌ನ ತಾಯಿಗೆ ಹೇಳಿದೆ. ಬಟಾಣಿ ಬಿಡಿಸುತ್ತ ಕೂತಿದ್ದರು.

"ನೆಲ ಅಂತ ಹೆಸರು, ಐದನೇ ಮಹಡಿ. ಹಾಗಾದ್ರೆ ಸ್ಮಶಾನ ಎಷ್ಟನೇದು?"

"ಬೆಣ್ಣೆ ಚೆನ್ನಾಗಿತ್ತು ಅಪಾ" ಎಂದೆ; ಬಾಯಲ್ಲಿ ಅಮ್ಮ ಎಂದೇ ಕರೆಯುವುದು. "ಸ್ವಲ್ಪ ಕಹಿ."

"ಕಹಿ ಇದ್ಮೇಲೆ ಚೆನ್ನಾಗಿತ್ತು ಹೇಗಾಗ್ತದೆ? ಇಷ್ಟು ಓದಿದ್ದೀಯ, ಒಂದು ಮಾತು ಸರಿಯಾಗಿ ಆಡೋಕೆ ಬರಲ್ಲ."

ಬಟಾಣಿ ಬಿಡಿಸುವ ಕೈ ಮಾತ್ರ ನಿಂತಿತ್ತು. ಕೇಳಿದರು, "ಕಹಿ ನಾಲಿಗೆ ಮುಂದೋ, ಹಿಂದೋ?"

ಸೆಪ್ಟೆಂಬರ್ 13

ಈ ವಾರ ಹತ್ತು ತರಗತಿ, ಒಂದು ಸಭೆ. ಮನೆಯಲ್ಲಿ ಅವರ ಕೆಮ್ಮು. ನಾಲ್ಕು ವಾರ ಉಳಿದಿದೆ.

ಸೆಪ್ಟೆಂಬರ್ 18, ಗುರುವಾರ

ಅತ್ತೆಯನ್ನು 'ಜೆರ್'ಗೆ ಕರೆದುಕೊಂಡು ಹೋದೆ. ಹೋಗುವ ಮೊದಲು ಒಂದು ಹೊರೆಯಷ್ಟು ನೆಪಗಳು: ಕಾಲು, ಲಿಫ್ಟ್, ಗುಂಡಿ ಉದುರಿದ ಕೋಟು. ಆಮೇಲೆ ನೋಡಿದರೆ ನನಗಿಂತ ಮೊದಲೇ ಬಿಳಿಯ ತಲೆವಸ್ತ್ರ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

ಮೇಜಿನ ಮೇಲೆ ತಟ್ಟೆ ಬಂದಾಗ ಅದನ್ನು ಸುತ್ತ ತಿರುಗಿಸಿ ನೋಡಿ, ಬಡಿಸಿದವಳಿಗೆ ಮೆಲ್ಲಗೆ ಹೇಳಿದರು, "ಮಗಳೇ, ಯಾರೋ ಅರ್ಧ ತಿಂದು ಕೊಟ್ಟಿದ್ದಾರೆ ನೋಡು." ಆ ಹುಡುಗಿ ನಕ್ಕುಬಿಟ್ಟಳು. ಆದರೆ ತಿನ್ನಲು ತೊಡಗಿದ ಮೇಲೆ ತಮಾಷೆ ನಿಂತಿತು. ಬಾರ್ಲಿ ಗಂಜಿಗೆ ತಲೆ ಆಡಿಸಿದರು. ಮಾಂಸದ ಈರುಳ್ಳಿಯನ್ನು ಒಂದೊಂದಾಗಿ ಹೆಕ್ಕಿ ಮೂಸಿದರು. "ಇದು ಬೆಟ್ಟದ ಉತ್ತರದ ಮಗ್ಗುಲಲ್ಲಿ ಕಿತ್ತದ್ದು. ಬಿಸಿಲು ಬಿದ್ದಿಲ್ಲ. ಕಿತ್ತವನಿಗೆ ಕೆಲಸ ಗೊತ್ತಿದೆ." ಎಪ್ಪತ್ತೆಂಟು ವರ್ಷದ ಅವರ ಮುಖದಲ್ಲಿ ನಾನು ಎಂದೂ ನೋಡದ ಒಂದು ಏಕಾಗ್ರತೆ. ನಾನು ಕವಿತೆ ಓದುವಾಗ ನನ್ನ ಮುಖ ಹೀಗಿರುತ್ತದೆಯೆ ಎಂದು ಯೋಚಿಸಿದೆ.

ಬೆಣ್ಣೆ ಬಂತು. ಉಗುರಿನಷ್ಟು ತೆಗೆದುಕೊಂಡು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರು.

"ಮಾಡಿದವನನ್ನ ಕರಿ."

ಎಲ್ದಿಯಾರ್ ಕೈ ಒರೆಸಿಕೊಳ್ಳುತ್ತ ಬಂದ.

"ಚೀಲ ಎಲ್ಲಿ ಒಣಗಿಸಿದೆ?"

"ಒಲೆ ಪಕ್ಕದಲ್ಲಿ, ಅಪಾ."

"ಅವಸರ ಯಾಕೆ? ಹೆಂಡತಿ ಹೆರಿಗೆಗೆ ಹೋಗಿದ್ದಾಳಾ?"

"ಮದುವೇನೇ ಆಗಿಲ್ಲ."

"ಅದಕ್ಕೂ ಅವಸರ ಬೇಡ. ಚೀಲಕ್ಕೆ ಗಾಳಿ ತುಂಬಿ ನೆರಳಲ್ಲಿ ತೂಗಿಬಿಡು, ಗಾಳೀನೇ ಒಣಗಿಸಲಿ. ಇನ್ನೊಂದು, ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿದೆ. ಹಿಂಡಿದ್ದೀಯ, ಆದ್ರೆ ಮರುಕಪಟ್ಟು ಹಿಂಡಿದ್ದೀಯ. ಬೆಣ್ಣೆಗೆ ಮರುಕ ತೋರಿಸಬಾರದು."

ಅವನು ಎದೆಯ ಮೇಲೆ ಕೈಯಿಟ್ಟು ನಿಂತಿದ್ದ. ಆಮೇಲೆ, ಒಂದು ಸಲ ಅಡುಗೆಮನೆಗೆ ಬಂದು ತೋರಿಸುತ್ತೀರಾ ಎಂದ. ಅವರು ಎದ್ದರು. ನಾನು ಗಾಜಿನ ಆಚೆಯಿಂದ ನೋಡಿದೆ. ಬಿಳಿಯ ಟೊಪ್ಪಿಗೆಯ ಆರು ಜನರ ನಡುವೆ ಬಿಳಿಯ ತಲೆವಸ್ತ್ರದ ಒಬ್ಬರು, ತೋಳು ಮೇಲೇರಿಸಿ, ಬೆಣ್ಣೆಯ ಮುದ್ದೆಯನ್ನು ಹಲಗೆಗೆ ಬಡಿಯುತ್ತಿದ್ದರು. ಆ ಮುದ್ದೆಯಿಂದ ನೀರಿನ ಹನಿಗಳು ಹೊರಬರುವುದನ್ನು ಎಲ್ಲರೂ ಬಗ್ಗಿ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಸಲವೂ ಹಾಗೆ ಬಗ್ಗಿ ನೋಡಿಲ್ಲ. ನಗರದ ಸೊಸೆ, ಬೆಣ್ಣೆ ಅಂಗಡಿಯಲ್ಲಿ ಸಿಗುತ್ತದೆ ಎಂದಿದ್ದೆ. ಅವರೂ ಆಮೇಲೆ ಮಾಡುವುದನ್ನು ಬಿಟ್ಟಿದ್ದರು.

ಸೆಪ್ಟೆಂಬರ್ 25, ಗುರುವಾರ

ಹೋಟೆಲ್‌ನವರು ಕಾರು ಕಳುಹಿಸಿ ಅತ್ತೆಯನ್ನು ಕರೆಸಿಕೊಂಡರು. ಇನ್ನು ಪ್ರತಿ ಗುರುವಾರವಂತೆ. ಸಂಜೆ ಹಿಂತಿರುಗಿದವರು ಕೋಟು ಬಿಚ್ಚುವ ಮೊದಲೇ ಶುರುಮಾಡಿದರು: ಮೀನು ಸುಡುವವನಿಗೆ ಬೆಂಕಿಯ ಮೇಲೆ ನಂಬಿಕೆಯಿಲ್ಲ, ಹಿಟ್ಟು ನಾದುವ ಹುಡುಗಿ ಬಂಗಾರ, ಎಲ್ದಿಯಾರ್‌ಗೆ ನಾಲಿಗೆ ಇದೆ ಆದರೆ ತಾಳ್ಮೆಯಿಲ್ಲ. ಒಂದು ಚೂರು ಮಾಂಸವನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. "ತಿನ್ನು. ಇದರಲ್ಲಿ ಏನು ಕಮ್ಮಿ ಹೇಳು."

ಉಪ್ಪು ಎಂದೆ.

"ತಪ್ಪು. ಹೊತ್ತು ಕಮ್ಮಿ. ಇನ್ನು ಅರ್ಧ ಗಂಟೆ ಬೇಯಬೇಕಿತ್ತು. ಆದ್ರೂ ಒಳ್ಳೇ ಪ್ರಯತ್ನ."

ಒಳ್ಳೇ ಪ್ರಯತ್ನ ಎಂದದ್ದು ನನಗೋ, ಬೇಯಿಸಿದವನಿಗೋ ತಿಳಿಯಲಿಲ್ಲ. ಕೂತು ಪೂರ್ತಿ ತಿಂದೆವು. ಇವತ್ತು ಓದಲು ಹೊತ್ತು ಸಿಗಲಿಲ್ಲ.

ಅಕ್ಟೋಬರ್ 2, ಗುರುವಾರ

ಒಂದು ತಪ್ಪಾಗಿಹೋಯಿತು.

ತಾಲಾಯ್ ಭಾವನ ಫೋನ್ ಬಂದಿತ್ತು. ಕಟಾವು ಮುಗಿದಿದೆ, ಹನ್ನೊಂದಕ್ಕೆ ಬರುತ್ತಾರೆ. ಅದನ್ನು ಅಪಾಗೆ ಹೇಳಿ, ಚಹಾ ಹಾಕಲು ಕೂತೆ. ಮನಸ್ಸು ಎಲ್ಲೋ ಇತ್ತು. ನೋಡಿದರೆ ಅವರ ಬಟ್ಟಲನ್ನು ಅಂಚಿನವರೆಗೆ ತುಂಬಿಸಿಬಿಟ್ಟಿದ್ದೇನೆ.

ಮನೆಯಲ್ಲಿ ಇರಲಿ ಎನ್ನುವವರಿಗೆ ತಳದಲ್ಲಿ ಒಂದಿಷ್ಟು ಹಾಕಿ ಮತ್ತೆ ಮತ್ತೆ ತುಂಬಿಸುತ್ತ ಕೂರುತ್ತೇವೆ. ಅಂಚಿನವರೆಗೆ ಸುರಿದರೆ, ಕುಡಿದು ಹೊರಡಿ ಎಂದ ಹಾಗೆ. ಹೊಸ ಸೊಸೆಯಾಗಿದ್ದಾಗಲೂ ನಾನು ಈ ತಪ್ಪು ಮಾಡಿದವಳಲ್ಲ.

ಅಪಾ ಬಟ್ಟಲನ್ನು ನೋಡಿದರು. ಎರಡೂ ಕೈಯಲ್ಲಿ ಎತ್ತಿ, ಒಂದು ಹನಿ ಚೆಲ್ಲದೆ, ಪೂರ್ತಿ ಕುಡಿದರು. ಬಟ್ಟಲನ್ನು ಬೋರಲು ಹಾಕಿ ಎದ್ದುಹೋದರು.

"ಅಪಾ, ಕೈ ತಪ್ಪಿತು" ಎಂದೆ, ಬಾಗಿಲ ಹೊರಗೆ ನಿಂತು.

"ಬಾಯಿ ತಪ್ಪಬಹುದು ಕಣೇ. ಕೈ ತಪ್ಪಲ್ಲ."

ಅಕ್ಟೋಬರ್ 3

ಪೆಟ್ಟಿಗೆ ತೆಗೆದಿದ್ದಾರೆ. ಉಣ್ಣೆಯ ಬಟ್ಟೆಗಳು ಒಂದು ಕಡೆ, ಎಸೆನ್‌ನ ಫೋಟೋಗಳು ಒಂದು ಕಡೆ. ಫೋಟೋಗಳನ್ನು ಎರಡು ಪಾಲು ಮಾಡಿ ನನ್ನ ಪಾಲನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ. ಅವನು ನಗುತ್ತಿರುವವು ಎಲ್ಲವೂ ನನ್ನ ಪಾಲಿಗೆ ಬಂದಿವೆ.

ಅಕ್ಟೋಬರ್ 7

ಹೇಳಬೇಕೆಂದು ಮೂರು ಸಲ ಹೋದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಇರಿ ಎಂದರೆ ಭಾವನ ಮಾನ ತೆಗೆದ ಹಾಗೆ; ಹಿರಿಯ ಮಗ ಬದುಕಿರುವಾಗ ಇರಿ ಎನ್ನಲು ನಾನು ಯಾರು? ಹೋಗಿ ಎಂದು ನಾನು ಹೇಳಿಲ್ಲ ಎನ್ನೋಣವೆಂದರೆ, ಹೇಳಿದ ಬಟ್ಟಲನ್ನು ಇಬ್ಬರೂ ನೋಡಿದ್ದೇವೆ. ನಾಲ್ಕು ಸಾವಿರ ಸಾಲು ಬಾಯಿಪಾಠ ಬರುತ್ತದೆ ನನಗೆ. ಬೇಕಾದ ಒಂದು ಸಾಲು ಅದರಲ್ಲಿಲ್ಲ.

ಮೂರನೆಯ ಸಲ ಹೋದಾಗ ಕೇಳಿದರು, "ಏನು?"

"ಕೆಮ್ಮಿನ ಔಷಧಿ ಕುಡಿದ್ರಾ?"

"ಕುಡಿದೆ."

ಅಕ್ಟೋಬರ್ 9, ಗುರುವಾರ

ಅಪಾ ಹೋಟೆಲ್‌ಗೆ ಹೋಗಿ, ಊರಿಗೆ ಹೊರಟಿದ್ದೇನೆಂದು ಎಲ್ಲರಿಗೂ ಹೇಳಿ ಬಂದರು. ಹಿಟ್ಟು ನಾದುವ ಹುಡುಗಿ ಅತ್ತಳಂತೆ. ಅದನ್ನು ನನಗೆ ಹೇಳುವಾಗ ನನ್ನ ಮುಖ ನೋಡುತ್ತಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದೆ.

ಅಕ್ಟೋಬರ್ 12, ಭಾನುವಾರ

ನಿನ್ನೆ ತಾಲಾಯ್ ಭಾವ ಬಂದರು. ಒಂದು ಮೂಟೆ ಬೀನ್ಸ್, ಒಂದು ಕುರಿಯ ತೊಡೆ ತಂದಿದ್ದರು. ಇವತ್ತು ಮಧ್ಯಾಹ್ನ ಅಪಾ ಹೇಳಿದರು, "ಹೋಗೋಕೆ ಮುಂಚೆ ನನ್ನ ಮಗನಿಗೆ ಆ ಐದನೇ ಮಹಡಿ ತೋರಿಸಬೇಕು." ಮೂವರೂ ಹೋದೆವು.

ಭಾವ ಕಿಟಕಿಗೆ ಬೆನ್ನು ಹಾಕಿ ಕೂತರು. ಬೆಟ್ಟ ದಿನಾ ನೋಡ್ತೀನಿ ಎಂದರು. ತಟ್ಟೆ ಬಂತು. ನಿಧಾನವಾಗಿ ಬೆಂದು ಮೂಳೆಯಿಂದ ಬಿಡಿಸಿದ ಕುರಿಮಾಂಸ, ಪಕ್ಕದಲ್ಲಿ ಹುಳಿಹಣ್ಣಿನ ಸಾರು, ಎರಡು ಎಲೆ. ನಮ್ಮಲ್ಲಿ ಹಿರಿತನ ನೋಡಿ ಒಬ್ಬೊಬ್ಬರಿಗೆ ಒಂದೊಂದು ಮೂಳೆಯ ಮಾಂಸ ಬಡಿಸುತ್ತಾರೆ.

"ಇದು ಯಾವ ಮೂಳೆ ಮಾಂಸ?" ಎಂದು ಎಲ್ದಿಯಾರ್‌ನನ್ನು ಕೇಳಿದರು.

"ಮೂಳೆ ತೆಗೆದುಬಿಟ್ಟಿದೀವಿ, ಬೈಕೆ" ಎಂದ, ಅಣ್ಣ ಎನ್ನುವ ಹಾಗೆ. "ಮೂವರಿಗೂ ಒಂದೇ."

"ನನಗೂ ಅದೇ, ಅಮ್ಮನಿಗೂ ಅದೇ?"

"ಹೌದು."

"ಹಾಗಾದ್ರೆ ಇಲ್ಲಿ ಯಾರು ದೊಡ್ಡವರು ಅಂತ ಹೇಗೆ ಗೊತ್ತಾಗ್ತದೆ?"

"ಯಾರು ಹೆಚ್ಚು ಬೈತಾರೋ ಅವರು" ಎಂದ ಎಲ್ದಿಯಾರ್. ಭಾವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಒಂದು ತುತ್ತು ತಿಂದರು. ಮತ್ತೊಂದು ತುತ್ತು. ತಟ್ಟೆ ಖಾಲಿ ಮಾಡಿದರು. "ಮೂಳೆ ಇಲ್ಲ, ಆದ್ರೆ ಮಾಂಸಕ್ಕೆ ಮೂಳೆ ನೆನಪಿದೆ" ಎಂದರು. ತಲಾಸ್‌ನ ರೈತ, ಒಂದು ಪುಸ್ತಕ ಓದಿದವರಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ಬೆಣ್ಣೆ ಬಂತು. ಎಲ್ದಿಯಾರ್ ಅದನ್ನು ಅಪಾ ಮುಂದಿಟ್ಟು ಕಾದು ನಿಂತ. ಅವರು ರುಚಿ ನೋಡಿದರು. "ಇನ್ನೂ ಎಳೆಯದು. ಆದ್ರೆ ಕಹಿ ಹೋಗಿದೆ." ಅವನು ಅಡುಗೆಮನೆಯ ಕಡೆ ತಿರುಗಿ ತಲೆ ಆಡಿಸಿದ. ಗಾಜಿನ ಆಚೆ ಎಲ್ಲರೂ ಚಪ್ಪಾಳೆ ತಟ್ಟಿದ್ದು ಕಾಣಿಸಿತು, ಸದ್ದು ಕೇಳಿಸಲಿಲ್ಲ.

ಭಾವ ಬಾಯಿ ಒರೆಸಿಕೊಂಡು ಹೇಳಿದರು, "ನಾಳೆ ಬೆಳಿಗ್ಗೆ ಆರಕ್ಕೆ ಹೊರಟರೆ ಕಣಿವೆ ದಾಟಿ ಮಧ್ಯಾಹ್ನಕ್ಕೆ ಮನೆ. ತಂಗಿ, ಅಮ್ಮನ ಔಷಧಿ ಯಾವ್ಯಾವುದು ಹೇಳಿಬಿಡು. ನಮ್ಮವಳಿಗೆ ಗೊತ್ತಿರಬೇಕಲ್ಲ."

ಕೇಳಿದ್ದಾರೆ, ಹೇಳಬೇಕು. ಹೇಳಿದೆ. ರಕ್ತದೊತ್ತಡದ್ದು ಬೆಳಿಗ್ಗೆ, ಕೆಮ್ಮಿನದ್ದು ಸ್ವಲ್ಪ ಬೆಚ್ಚಗೆ ಮಾಡಿ. ತಣ್ಣಗಿದ್ದರೆ ಕುಡಿದೆ ಅಂತಾರೆ, ಕುಡಿದಿರಲ್ಲ, ಹೂಕುಂಡ ನೋಡಬೇಕು. ಎಡಗಣ್ಣಿಗೆ ಪಕ್ಕದ್ದು ಕಾಣಿಸಲ್ಲ, ಆದರೆ ಒಪ್ಪಲ್ಲ, ಅದಕ್ಕೆ ಏನು ಕೊಟ್ಟರೂ ಬಲಗಡೆಯಿಂದ. ಬಿಸಿನೀರೂ ಬಲಗಡೆಯಿಂದಲೇ. ಜೇನು ಬೇಡ ಅಂತಾರೆ. ಮುಚ್ಚಳ ತೆಗೆದು ಬಿಟ್ಟು ನಾವು ಆಚೆ ಹೋದರೆ ತಿಂತಾರೆ. ಕಿಟಕಿ ಒಂದು ಬೆರಳಿನಷ್ಟು ತೆರೆದಿರಬೇಕು, ಚಳಿಗಾಲದಲ್ಲೂ. ಬೆಳಗಿನ ಜಾವ ಎದ್ದು ಕೂರ್ತಾರೆ, ಆಗ ಮಾತಾಡಿಸಬಾರದು, ಸುಮ್ಮನೆ ಅಡುಗೆಮನೆಯಲ್ಲಿ ಏನಾದರೂ ಸದ್ದು ಮಾಡಬೇಕು. ಯಾರೋ ಎದ್ದಿದ್ದಾರೆ ಅಂತ ಗೊತ್ತಾದರೆ ಮತ್ತೆ ಮಲಗ್ತಾರೆ. ಬೈಯೋದು ನಿಲ್ಲಿಸಿದ ದಿನ ಜ್ವರ ನೋಡಬೇಕು.

ಇನ್ನೂ ಏನೋ ಹೇಳುತ್ತಿದ್ದೆ. ಭಾವ ಹಲ್ಲುಕಡ್ಡಿಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು. "ಇದನ್ನೆಲ್ಲ ಬರೆದುಕೊಡಮ್ಮ" ಎಂದರು ಮೆಲ್ಲಗೆ. ಬರೆದುಕೊಡುತ್ತೇನೆ ಎಂದು ಚೀಲದಲ್ಲಿ ಪೆನ್ನು ಹುಡುಕಿದೆ. ಸಿಗಲಿಲ್ಲ. ಕಣ್ಣಿಗೆ ಏನೋ ಬಿದ್ದಿತ್ತು. ಅಲ್ಲಿ ಒಲೆಯ ಹೊಗೆ ಊಟದ ಕೋಣೆಗೂ ಬರುತ್ತದೆ.

ಆಗ ಅಪಾ, "ಊಟ ಆಯ್ತಲ್ಲ. ಕೈ ಎತ್ತಿ" ಎಂದರು.

ಊಟದ ಕೊನೆಗೆ ಹಿರಿಯರು ಬಾತಾ ಹರಸುವಾಗ ಅಂಗೈಗಳನ್ನು ಮುಖದ ಮುಂದೆ ತೆರೆದು ಹಿಡಿಯುತ್ತೇವೆ. ಹರಸುತ್ತಿರುವಾಗ ಅಡ್ಡಮಾತು ಆಡಿದವರನ್ನು ನಾನು ಈವರೆಗೆ ಕಂಡಿಲ್ಲ. ಭಾವ ಕೈ ಎತ್ತಿದರು. ನಾನು ಎತ್ತಿದೆ. ತಟ್ಟೆ ತೆಗೆಯಲು ಬಂದ ಹುಡುಗಿ ತಟ್ಟೆಗಳನ್ನು ಪಕ್ಕದ ಮೇಜಿಗಿಟ್ಟು ಕೈ ಎತ್ತಿದಳು. ಆ ಮೇಜಿನಲ್ಲಿದ್ದ ವಿದೇಶಿ ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿ ತಾವೂ ಎತ್ತಿದರು.

"ಈ ಅನ್ನ ಬೆಳೆದವರ ನೆಲ ತಂಪಾಗಿರಲಿ" ಎಂದು ಅಪಾ ಶುರುಮಾಡಿದರು. "ಬೇಯಿಸಿದವರ ಕೈಗೆ ತಾಳ್ಮೆ ಬರಲಿ. ನನ್ನ ಹಿರಿ ಮಗ ತಾಲಾಯ್, ಒಲೆ ಕೂರಿಸಿ ನನಗೆ ಕೋಣೆ ಮಾಡಿದ್ದಾನೆ. ಅವನ ಮನೆ ತುಂಬಲಿ. ಪ್ರತಿ ಬೇಸಿಗೆ ನಾನು ನೆಂಟಳಾಗಿ ಹೋದಾಗ ಆ ಕೋಣೆ ನನಗೆ ಬೆಚ್ಚಗಿರಲಿ."

ಭಾವನ ಅಂಗೈ ಅಲುಗಿತು. ಇಳಿಯಲಿಲ್ಲ. ಇಳಿಸುವುದು ಹೇಗೆ?

"ನನ್ನ ಕಿರಿಯವನು ಹೋದ. ಅವನ ಮನೆ ಹೋಗಿಲ್ಲ. ಆ ಮನೇಲಿ ಒಬ್ಬಳು ಮಗಳಿದ್ದಾಳೆ. ಅವಳಿಗೆ ಮಾತು ಬರಲ್ಲ, ಬೆಣ್ಣೆ ಕಡೆಯೋಕೂ ಬರಲ್ಲ. ಎರಡನ್ನೂ ಕಲಿಸೋಷ್ಟು ಆಯುಸ್ಸು ನನಗಿರಲಿ. ನನ್ನನ್ನ ಹೊತ್ತುಕೊಂಡು ಹೋಗೋದಾದ್ರೆ ಆ ಬಾಗಿಲಿಂದಲೇ ಹೊತ್ತುಕೊಂಡು ಹೋಗಲಿ. ಓಮಿನ್."

"ಓಮಿನ್" ಎಂದು ಮುಖ ಸವರಿಕೊಂಡೆವು. ವಿದೇಶಿಯರೂ ಸವರಿಕೊಂಡರು. ಭಾವ ಎಲ್ಲರಿಗಿಂತ ಕೊನೆಗೆ, ಆದರೆ ಸ್ಪಷ್ಟವಾಗಿ ಅಂದರು.

ಲಿಫ್ಟ್‌ನಲ್ಲಿ ಇಳಿಯುವಾಗ ಅಪಾ ಮುಂದೆ ನಿಂತಿದ್ದರು. ಭಾವ ನನ್ನ ಕಿವಿಯ ಬಳಿ ಕೇಳಿದರು, "ನೀನು ಹೇಳಿಕೊಟ್ಟೆಯಾ?"

"ಇಲ್ಲ, ಬೈಕೆ."

"ಗೊತ್ತು. ನೀನು ಹೇಳಿಕೊಟ್ಟಿದ್ರೆ ಅರ್ಥ ಆಗೋಕೆ ನಮಗೆ ಒಂದು ವಾರ ಬೇಕಿತ್ತು." ಆಮೇಲೆ, "ಊರಲ್ಲಿ ಕೇಳಿದ್ರೆ ಏನು ಹೇಳಲಿ?"

ಬೆನ್ನು ತಿರುಗಿಸಿ ನಿಂತಿದ್ದ ಅಪಾ ಉತ್ತರಿಸಿದರು, "ನನ್ನಮ್ಮನಿಗೆ ಕೆಲಸ ಸಿಕ್ಕಿದೆ, ಗುರುವಾರ ಗುರುವಾರ ಕಾರು ಬರ್ತದೆ ಅನ್ನು."

ಅಕ್ಟೋಬರ್ 13

ಭಾವ ಆರು ಗಂಟೆಗೆ ಹೊರಟರು. ಬಾಗಿಲಲ್ಲಿ ಅಮ್ಮನ ಹಣೆಗೆ ಹಣೆ ತಾಗಿಸಿ ಬಹಳ ಹೊತ್ತು ನಿಂತಿದ್ದರು. ನಾನು ಒಳಗೆ ಬಂದೆ.

ಆಮೇಲೆ ಕೇಳಿದೆ, "ಅಪಾ, ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ಲ."

"ಕೇಳಿದ್ರೆ ಯೋಚನೆ ಮಾಡ್ತೀನಿ ಅಂತಿದ್ದೆ. ನಿನ್ನ ಯೋಚನೆ ಮುಗಿಯೋ ಹೊತ್ತಿಗೆ ನಾನು ಮಣ್ಣಲ್ಲಿರ್ತಿದ್ದೆ."

"ಕೈ ತಪ್ಪಲ್ಲ ಅಂದಿದ್ರಿ."

"ಕೈ ತಪ್ಪಲ್ಲ. ಆದ್ರೆ ನಿನ್ನೆ ನಿನ್ನ ಬಾಯಿ ತಪ್ಪಿತು."

ಯಾವ ಮಾತು ಎಂದು ಎಷ್ಟು ನೆನಪಿಸಿಕೊಂಡರೂ ತಿಳಿಯುತ್ತಿಲ್ಲ. ನಾನು ಔಷಧಿಗಳ ವಿಷಯವನ್ನಷ್ಟೇ ಹೇಳಿದ್ದು.

ಅಕ್ಟೋಬರ್ 16, ಗುರುವಾರ

ಬೆಳಿಗ್ಗೆ ಜಗಳ. ನಾನು ಬೆಣ್ಣೆ ಹಿಂಡುವಾಗ ಕನ್ನಡಿ ಒರೆಸುವ ಹಾಗೆ ಹಿಂಡುತ್ತೇನಂತೆ. ಹನ್ನೊಂದಕ್ಕೆ ಕಾರು ಬಂತು, ಹೋದರು. ಮನೆ ಖಾಲಿಯಿತ್ತು, ಓದಲು ಕೂತೆ. ನಾಲ್ಕು ಪುಟ ಓದಿದ ಮೇಲೆ ಎದ್ದು ಮೊಸರು ಸೋಸಲು ಕಟ್ಟಿದೆ, ಕಿಟಕಿಯನ್ನು ಒಂದು ಬೆರಳು ತೆರೆದೆ, ಇನ್ನೇನು ಮಾಡುವುದೆಂದು ತಿಳಿಯದೆ ಬೀದಿ ನೋಡುತ್ತ ನಿಂತೆ. ಗುರುವಾರಗಳು ಉದ್ದ.

ಈಗ ಬಂದಿದ್ದಾರೆ. ಎಲ್ದಿಯಾರ್ ಏನೋ ಕಳುಹಿಸಿದ್ದಾನಂತೆ, ಬಿಸಿಯಿರುವಾಗಲೇ ತಿನ್ನಬೇಕಂತೆ, ಆ ಪುಸ್ತಕದಲ್ಲಿ ಅಷ್ಟು ಹೊತ್ತು ಏನು ಗೀಚುತ್ತಿದ್ದೀಯ ಎಂದು ಎರಡನೆಯ ಸಲ ಕೂಗುತ್ತಿದ್ದಾರೆ. ಮೂರನೆಯ ಸಲ ಕೂಗಿಸಿಕೊಳ್ಳುವ ಧೈರ್ಯ ನನಗಿಲ್ಲ.